ಕಾಗದದ ಗುಹೆಗೆ ಇಳಿದವರು

ಆ ರಟ್ಟಿನ ಪೆಟ್ಟಿಗೆಯನ್ನು ನಾನಾಗಿ ಕೇಳಿ ತಂದದ್ದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಕೆಜಿಎಫ್ ಚಿನ್ನದ ಗಣಿಯ ಊರಿಗಾಂನ ಒಬ್ಬ ಆಂಗ್ಲೋ ಇಂಡಿಯನ್ ಮುದುಕ ಆಸ್ಟ್ರೇಲಿಯಾಕ್ಕೆ ಹೊರಟು ಮನೆಯ ಸಾಮಾನೆಲ್ಲ ಮಾರುತ್ತಿದ್ದ. ನಾನು ಹೋದದ್ದು ಒಂದು ಕುರ್ಚಿಗೆ. ಕುರ್ಚಿಯ ಜೊತೆ ಆ ಪೆಟ್ಟಿಗೆಯನ್ನೂ ನನ್ನ ತಲೆಗೆ ಕಟ್ಟಿದ, ಮೊಮ್ಮಗ ಬಿಟ್ಟು ಹೋದದ್ದಂತೆ. ಒಳಗೆ ಎರಡು ತೆಳು ಇಂಗ್ಲಿಷ್ ಪುಸ್ತಕ, ಆರು ದಾಳ. ಒಂದು ದಾಳಕ್ಕೆ ನಾಲ್ಕು ಮುಖ, ಇನ್ನೊಂದಕ್ಕೆ ಎಂಟು, ಮತ್ತೊಂದಕ್ಕೆ ಇಪ್ಪತ್ತು. ಪಗಡೆ ಆಡಿ ಬೆಳೆದವನ ಕೈಗೆ ಇಪ್ಪತ್ತು ಮುಖದ ದಾಳ ಕೊಟ್ಟರೆ ಅವನು ಏನು ಮಾಡಬೇಕು? ಕಣ್ಣು ಕಣ್ಣು ಬಿಟ್ಟೆ.

ನನ್ನ ಹೆಸರು ಬಚ್ಚಪ್ಪ. ಬಂಗಾರಪೇಟೆಯಿಂದ ಎರಡು ಮೈಲಿ ದೂರದ ಹಳ್ಳಿ, ಒಂದಿಷ್ಟು ರಾಗಿ ಹೊಲ, ಎರಡು ಹಸು. ಬೆಳಗಿನ ರೈಲು ಹತ್ತಿ ಕೆಜಿಎಫ್‌ಗೆ ಹೋಗಿ ಗಣಿಯ ಟೈಮ್ ಆಫೀಸಿನಲ್ಲಿ ಹಾಜರಿ ಬರೆಯುವ ಗುಮಾಸ್ತೆ. ಹದಿನೆಂಟು ವರ್ಷದಿಂದ ಕೆಳಗೆ ಇಳಿದವರ ಹೆಸರು, ಮೇಲೆ ಬಂದವರ ಹೆಸರು ಬರೆದಿದ್ದೇನೆ. ನಾನು ಮಾತ್ರ ಒಂದು ದಿನವೂ ಕೆಳಗೆ ಇಳಿದಿಲ್ಲ.

ನಿಘಂಟು ಹಿಡಿದು ಎರಡು ತಿಂಗಳು ರೈಲಿನಲ್ಲಿ ಆ ಪುಸ್ತಕ ಓದಿದೆ. ಮಣೆ ಇಲ್ಲ, ಕಾಯಿ ಇಲ್ಲ. ಒಬ್ಬ ಮನಸ್ಸಿನಲ್ಲಿ ಒಂದು ಜಾಗ ಕಟ್ಟಬೇಕು, ನೆಲದಡಿಯ ಗುಹೆಯಾದರೆ ಒಳ್ಳೆಯದು. ಉಳಿದವರು ಒಬ್ಬೊಬ್ಬ ಮನುಷ್ಯನನ್ನು ಕಾಗದದ ಮೇಲೆ ಮಾಡಿಕೊಂಡು, ಅವನ ಶಕ್ತಿ ಎಷ್ಟು, ಆಯಸ್ಸು ಎಷ್ಟು ಎಂದು ಅಂಕಿ ಬರೆದುಕೊಂಡು, ಆ ಗುಹೆಯೊಳಗೆ ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಹಾಕಬೇಕು. ಗುಹೆ ಕಟ್ಟಿದವನಿಗೆ ಒಳಗೆ ಏನಿದೆ ಎಂಬುದೆಲ್ಲ ಗೊತ್ತಿರಬೇಕು, ಅವನು ಹೇಳಬಾರದು. ಸರಿ, ಗೆಲ್ಲುವವರು ಯಾರು ಎಂದು ಹುಡುಕಿದರೆ, ಯಾರೂ ಇಲ್ಲ ಎಂದು ಬರೆದಿತ್ತು. ಯಾರೂ ಗೆಲ್ಲದ ಆಟಕ್ಕೆ ಆರು ದಾಳ ಯಾಕಪ್ಪಾ ಎಂದು ಪುಸ್ತಕವನ್ನು ಅಟ್ಟಕ್ಕೆ ಎಸೆದೆ.

ಅದನ್ನು ಅಟ್ಟದಿಂದ ಇಳಿಸಿದ್ದು ಕೋದಂಡಪ್ಪನ ದೆಸೆಯಿಂದ. ಅವನು ನಮ್ಮ ಶಾಫ್ಟಿನಲ್ಲಿ, ಅಂದರೆ ಗಣಿಗೆ ಇಳಿಯುವ ಬಾವಿಯಲ್ಲಿ, ಕೆಳಗಿನ ಕೆಲಸದವನು, ನಂದಿದುರ್ಗದ ಲೈನಿನಲ್ಲಿ ಗಣಿಯವರು ಕೊಟ್ಟ ಮನೆ. ಆ ವರ್ಷ ಆಗಸ್ಟಿನಲ್ಲಿ ಕೆಳಗೆ ಬಂಡೆ ಸಿಡಿದು ಅವನ ಜೊತೆಗಾರ ಮುನಿಶಾಮಿ ಸತ್ತ. ಕೋದಂಡಪ್ಪನ ಮೈಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಆಮೇಲೆ ಅವನು ದಿನಾ ಬೆಳಿಗ್ಗೆ ಶಾಫ್ಟಿನ ಗೇಟಿನವರೆಗೆ ಬಂದು, ಸ್ವಲ್ಪ ಹೊತ್ತು ನಿಂತು, ವಾಪಸು ಹೋಗುವನು. ನಾನು ಕಿಟಕಿಯಿಂದ ನೋಡಿ ಅವನ ಹೆಸರಿನ ಮುಂದೆ ರಜೆ ಎಂದು ಬರೆಯುತ್ತಿದ್ದೆ.

ಅಕ್ಟೋಬರಿನಲ್ಲಿ ಅವನ ಹೆಂಡತಿ ಮಾರಿಯಮ್ಮ ಕಿಟಕಿಗೆ ಬಂದಳು. ಗಂಡನ ಮೈಗೆ ಏನೂ ಆಗಿಲ್ಲವೆಂದು ಡಾಕ್ಟರು ಬರೆದುಕೊಟ್ಟಿದ್ದಾರೆ, ಜನವರಿ ಒಂದನೇ ತಾರೀಖು ಕೆಳಗಿಳಿಯದಿದ್ದರೆ ಹೆಸರು ತೆಗೆಯುತ್ತಾರೆ, ಹೆಸರು ಹೋದರೆ ಲೈನಿನ ಮನೆಯೂ ಹೋಗುತ್ತದೆ, ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಎಂದಳು. ನೀವು ಓದಿದೋರು, ನಿಮ್ಮ ಮಾತು ಕೇಳ್ತಾನೆ, ಹೆಂಗಾದ್ರೂ ಇಳಿಸಿ ಎಂದಳು. ಓದಿದವನು ಎಂದುಬಿಟ್ಟರೆ ನನಗೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ, ಅದು ನನ್ನ ದೊಡ್ಡ ರೋಗ. ಯೋಚಿಸಿದೆ. ಮಾತಿನಲ್ಲೇ ನೆಲದಡಿಗೆ ಇಳಿಸುವ ಆಟವೊಂದು ನನ್ನ ಅಟ್ಟದಲ್ಲಿ ಬಿದ್ದಿದೆ. ಕುಳಿತಲ್ಲೇ ನಾಲ್ಕು ಸಲ ಇಳಿಸಿದರೆ ಭಯ ಬಿಟ್ಟೀತು, ಐದನೇ ಸಲ ನಿಜವಾಗಿ ಇಳಿದಾನು. ಇದು ಬುದ್ಧಿವಂತಿಕೆಯೋ ಹುಚ್ಚೋ ಆಗಲೂ ತಿಳಿದಿರಲಿಲ್ಲ. ನನ್ನ ಹೆಂಡತಿ ಗಂಗರತ್ನಮ್ಮ ಮಾತ್ರ ಹುಚ್ಚೇ ಎಂದಳು, ಭಾನುವಾರ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಯಲ್ಲಿರಬೇಕೆಂದು ಷರತ್ತು ಹಾಕಿದಳು.

ಕೋದಂಡಪ್ಪನ ಗ್ಯಾಂಗಿನವರೇ ಆದ ಇಬ್ಬರನ್ನು ಸೇರಿಸಿಕೊಂಡೆ. ಒಬ್ಬ ಆಂಜಿನಪ್ಪ, ಬಾಯಿ ಮುಚ್ಚಿದರೆ ಉಸಿರು ಕಟ್ಟುವ ಜಾತಿ. ಇನ್ನೊಬ್ಬ ಆದಿನಾರಾಯಣ, ಕೆಳಗೆ ಚಾವಣಿ ಬೀಳದಂತೆ ಮರದ ದಿಮ್ಮಿ ಆನಿಸುವ ಕೆಲಸದವನು, ಕೇಳಿದ್ದಕ್ಕಷ್ಟೇ ಉತ್ತರ. ಭಾನುವಾರ ಊಟವಾದ ಮೇಲೆ ಕೋದಂಡಪ್ಪನ ಮನೆಯ ಜಗಲಿಯಲ್ಲಿ ಕೂತೆವು. ಆಟ ನಡೆಸುವವನನ್ನು ಪುಸ್ತಕದಲ್ಲಿ ಮಾಸ್ಟರ್ ಎಂದಿದ್ದಾರೆ ಎಂದೆ. ಹಾಗಾದ್ರೆ ನೀನೇ ನಮ್ಮ ಮೇಸ್ತ್ರಿ ಬಿಡಣ್ಣ ಎಂದ ಆಂಜಿನಪ್ಪ. ಅದೇ ನಿಂತಿತು.

ಆ ಮೊದಲ ಗುಹೆಗೆ ನಾನು ಒಂದು ವಾರ ಬೆವರು ಸುರಿಸಿದ್ದೆ. ಆಫೀಸಿನ ಹಳೆಯ ಹಾಳೆಗಳ ಬೆನ್ನಿಗೆ ನಕ್ಷೆ ಬರೆದಿದ್ದೆ. ಪಾಳುಬಿದ್ದ ಕೋಟೆ, ಕೆಳಗೆ ಮೆಟ್ಟಿಲು, ಏಳು ಕೋಣೆ, ಮೂರನೆಯದರಲ್ಲಿ ಒಂದು ರಾಕ್ಷಸ, ಏಳನೆಯದರಲ್ಲಿ ಒಡವೆಯ ಪೆಟ್ಟಿಗೆ. ಗಂಟಲು ಸರಿಮಾಡಿಕೊಂಡು, ನಿಮ್ಮ ಮುಂದೆ ಮೆಟ್ಟಿಲು ಕಾಣಿಸುತ್ತಿದೆ, ಏನು ಮಾಡುತ್ತೀರಿ ಎಂದೆ. ಆ ಮಧ್ಯಾಹ್ನವೆಲ್ಲ ಅವರು ಒಂದು ಮೆಟ್ಟಿಲೂ ಇಳಿಯಲಿಲ್ಲ. ಸಡಿಲವಿದೆಯೋ ಎಂದು ಚಾವಣಿ ಬಡಿದು ನೋಡಿದವರು ಯಾರು ಎಂದು ಆದಿನಾರಾಯಣ ಕೇಳಿದ. ಎಷ್ಟು ಅಡಿ ಆಳ, ಜನರನ್ನು ಇಳಿಸಿ ಏರಿಸುವ ಕೇಜು ಯಾಕಿಲ್ಲ, ಅದಕ್ಕೆ ಗಂಟೆ ಹೊಡೆಯುವವನು ಎಲ್ಲಿ ಎಂದು ಆಂಜಿನಪ್ಪ ಕೇಳಿದ. ಕೊನೆಗೆ ಕೋದಂಡಪ್ಪ, ಅಲ್ಲಿಗೆ ಗಾಳಿ ಎಲ್ಲಿಂದ ಬರುತ್ತದೆ ಎಂದ. ಇದು ಕತೆ ಮಾರಾಯ ಎಂದೆ. ಕತೆಯಲ್ಲೂ ಉಸಿರಾಡಬೇಕಲ್ಲಣ್ಣ ಎಂದ.

ನನಗೆ ತಲೆಬುಡ ತಿಳಿಯಲಿಲ್ಲ. ಪುಸ್ತಕದಲ್ಲಿ ಗಾಳಿಯ ಮಾತೇ ಇಲ್ಲ. ಆದರೂ ಮನೆಗೆ ಹೋಗಿ ನಕ್ಷೆ ಹರಿದು ಮತ್ತೆ ಬರೆದೆ. ಕೇಜು ಹಾಕಿದೆ, ಗಂಟೆ ಹಾಕಿದೆ, ಹೊರಗೆ ಬರಲು ಎರಡನೆಯ ದಾರಿ ಹಾಕಿದೆ. ಗೊತ್ತಾಗದ್ದನ್ನು ವಾರದ ನಡುವೆ ಆದಿನಾರಾಯಣನನ್ನು ಕಿಟಕಿಯ ಹತ್ತಿರ ಕರೆದು ಕೇಳಿಕೊಳ್ಳುತ್ತಿದ್ದೆ. ಭಾನುವಾರ ಅದನ್ನೇ ನನ್ನದೇನೋ ಎಂಬಂತೆ ಅವನ ಮುಂದೆಯೇ ಹೇಳುತ್ತಿದ್ದೆ. ಅವನು ಹೊಸದಾಗಿ ಕೇಳುವವನ ಹಾಗೆ ತಲೆಯಾಡಿಸುತ್ತಿದ್ದ. ಎಲ್ಲ ಗೊತ್ತಿದ್ದವರು ಕೇಳುವುದು, ಏನೂ ಗೊತ್ತಿಲ್ಲದವನು ಹೇಳುವುದು. ಇದೆಂಥ ಆಟ ಎಂದು ರೈಲಿನಲ್ಲಿ ತಲೆ ಕೆರೆದುಕೊಳ್ಳುತ್ತಿದ್ದೆ.

ನವೆಂಬರಿನಲ್ಲಿ ಮೂರನೇ ಕೋಣೆ ತಲುಪಿದರು. ರಾಕ್ಷಸನ ಜೊತೆ ಹೊಡೆದಾಡಲಿ ಎಂದು ನಾನು ದಾಳ ಹಿಡಿದು ಕೂತರೆ, ಮೂವರೂ ತಲೆ ಸೇರಿಸಿ ಮಾತಾಡಿ, ಅದು ಆ ಜಾಗದ ದೇವರಿರಬೇಕು, ನಾವೇ ಕೇಳದೆ ಬಂದವರು ಎಂದು ಬಾಗಿಲಲ್ಲಿ ನಿಂಬೆಹಣ್ಣು ಇಟ್ಟು ಕೈಮುಗಿದು ಮುಂದಕ್ಕೆ ಹೋದರು. ರಾಕ್ಷಸನಿಗೆ ನಿಂಬೆಹಣ್ಣು ಒಪ್ಪಿಗೆಯಾಗುತ್ತದೋ ಇಲ್ಲವೋ ಪುಸ್ತಕದಲ್ಲಿ ಎಲ್ಲಿ ಬರೆದಿದೆ? ಒಪ್ಪಿಕೊಂಡಿತು ಎಂದೆ. ಇನ್ನೇನು ಹೇಳಲಿ.

ಆದರೆ ಕೋದಂಡಪ್ಪ ಇಳಿಯುತ್ತಿದ್ದ. ಅದಂತೂ ನಿಜ. ಮೊದಮೊದಲು ಗೋಡೆಗೆ ಒರಗಿ ಕೂರುತ್ತಿದ್ದವನು ಈಗ ಮುಂದಕ್ಕೆ ಬಾಗಿ, ನಾನು ಮುಂದೆ ಓಗ್ತೀನಿ, ನೀವು ಇಂದೆ ಬನ್ನಿ ಎನ್ನುತ್ತಿದ್ದ. ಗಂಡ ಎರಡು ಸಲ ಬಡಿಸಿಕೊಂಡು ಊಟ ಮಾಡುತ್ತಿದ್ದಾನೆ ಎಂದು ಮಾರಿಯಮ್ಮ ನನಗೆ ಹುರುಳಿಕಾಳಿನ ಗಂಟು ಕೊಟ್ಟು ಕಳಿಸಿದಳು. ನನಗೆ ಹೆಮ್ಮೆಯಾಯಿತು. ಅವಳಿಗೆ ಗೊತ್ತಿಲ್ಲದ ವಿಷಯ ಒಂದಿತ್ತು. ಹಳೆಯ ಕ್ಯಾಲೆಂಡರಿನ ರಟ್ಟನ್ನು ಮಡಿಸಿ ಅಡ್ಡ ಇಟ್ಟುಕೊಂಡು ನಾನು ಅದರ ಹಿಂದೆ ದಾಳ ಹಾಕುತ್ತಿದ್ದೆ. ಕೆಟ್ಟದ್ದು ಬಿದ್ದರೂ ಒಳ್ಳೆಯದು ಬಿತ್ತು ಎನ್ನುತ್ತಿದ್ದೆ. ಕೋದಂಡಪ್ಪ ಹೆದರಬಾರದಲ್ಲ.

ಡಿಸೆಂಬರ್ ಹದಿನಾಲ್ಕರ ಭಾನುವಾರ ಎಡವಟ್ಟಾಯಿತು. ಅವತ್ತು ಆಂಜಿನಪ್ಪ ಬಂದಾಗಿನಿಂದ ನನ್ನನ್ನೇ ಹಿಡಿದುಕೊಂಡಿದ್ದ. ಮೇಸ್ತ್ರಿಯ ಗುಹೆಯಲ್ಲಿ ಇಲಿಯೂ ಸಾಯುವುದಿಲ್ಲ, ಮೇಸ್ತ್ರಿಯ ರಾಕ್ಷಸ ಅವನ ಹಸುವಿಗಿಂತ ಸಾಧು, ದಾಳ ಬರೀ ಸದ್ದಿಗೆ ಎಂದು ರೇಗಿಸಿದ. ನಿಜವಾದ ಮಾತಾದ್ದರಿಂದ ನನಗೆ ಮೈ ಉರಿಯಿತು. ಐದನೇ ಕೋಣೆಯಲ್ಲಿ ಅವನ ಕಾಗದದ ಮನುಷ್ಯ, ಬಸವ ಅಂತ ಹೆಸರು, ಮುಂದೆ ನಡೆಯುತ್ತಿದ್ದ. ದಾಳ ಹಾಕಿದೆ. ಒಂದು ಬಿತ್ತು. ಪುಸ್ತಕದ ಪ್ರಕಾರ ಒಂದು ಬಿದ್ದರೆ ಚಾವಣಿ ಕುಸಿಯುತ್ತದೆ. ಸುಳ್ಳು ಹೇಳಬಹುದಿತ್ತು, ಎರಡು ತಿಂಗಳಿಂದ ಅದನ್ನೇ ಮಾಡಿದ್ದೆ. ಆ ಒಂದು ಸಲ ಕೋಪಕ್ಕೆ ನಿಜ ಹೇಳಿದೆ. ಚಾವಣಿ ಬಿತ್ತು, ನಿನ್ನ ಬಸವ ಸತ್ತ ಎಂದೆ.

ಆಂಜಿನಪ್ಪ ಪೆನ್ಸಿಲು ಕೆಳಗಿಟ್ಟ. ಆದಿನಾರಾಯಣ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ತೊಡೆಯ ಮೇಲೆ ಹಾಕಿಕೊಂಡ. ನಾನು ಪುಸ್ತಕ ತಿರುವಿ, ಚಿಂತೆಯಿಲ್ಲ, ಹೊಸ ಕಾಗದ ತಗೊಂಡು ಇನ್ನೊಬ್ಬನನ್ನು ಮಾಡಿಕೊಳ್ಳಬಹುದು, ಇನ್ನು ಎರಡೇ ಕೋಣೆ, ಒಡವೆ ಅಲ್ಲೇ ಇದೆ ಎಂದೆ. ಕೋದಂಡಪ್ಪನ ಮುಖದಲ್ಲಿ ರಕ್ತ ಇರಲಿಲ್ಲ.

"ಎಣ ಒಳಗೆ ಬಿಟ್ಟು ಯಾರಣ್ಣ ಕೆಲ್ಸ ಮಾಡ್ತಾರೆ?" ಎಂದ.

ಆ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ಕೆಳಗೆ ಯಾರಾದರೂ ಸತ್ತರೆ ಹೆಣ ಮೇಲೆ ಬರುವವರೆಗೆ ಅವನ ಜೊತೆಯವರು ಸಲಕರಣೆ ಮುಟ್ಟುವುದಿಲ್ಲ. ಅಂಥ ದಿನಗಳಲ್ಲಿ ರಿಜಿಸ್ಟರಿನ ಅಂಕಣ ನಾನೇ ಖಾಲಿ ಬಿಟ್ಟಿದ್ದೇನೆ. ಆದರೆ ಇವನು ಕಾಗದದ ಮನುಷ್ಯ. ಒಂದು ಪೆನ್ಸಿಲು, ಅರ್ಧ ಹಾಳೆ. ಹಾಗೆಂದು ಕೂಗಾಡಿಯೂಬಿಟ್ಟೆ. ಅವರು ಎದ್ದು ಹೋದರು. ಮಾರಿಯಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮರುದಿನ ಕೋದಂಡಪ್ಪ ಗೇಟಿನ ಹತ್ತಿರವೂ ಬರಲಿಲ್ಲ. ಅವನನ್ನು ಇಳಿಸುತ್ತೇನೆಂದು ಹೊರಟು ಗೇಟಿಗೂ ಬರದ ಹಾಗೆ ಮಾಡಿಟ್ಟಿದ್ದೆ.

ಮುಂದಿನ ಭಾನುವಾರ ಇನ್ನು ಆಟವಿಲ್ಲವೆಂದುಕೊಂಡೇ ಹೋದೆ. ಮೂವರೂ ಆಗಲೇ ಜಗಲಿಯಲ್ಲಿದ್ದರು. ಆಂಜಿನಪ್ಪ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಏನಪ್ಪಾ ಕೋಪವೇ ಎಂದರೆ ಉತ್ತರವಿಲ್ಲ. ಅವ್ನು ಸತ್ತು ಒಳಗೆ ಬಿದ್ದವ್ನೆ ಅಲ್ವಾಣ್ಣ, ಹೆಂಗೆ ಮಾತಾಡ್ತಾನೆ ಎಂದು ಆದಿನಾರಾಯಣ ವಿವರಿಸಿದ. ಉಸಿರಾಡದಿದ್ದರೂ ಮಾತಾಡುವ ಆಸಾಮಿ, ಆ ಮಧ್ಯಾಹ್ನ ತುಟಿ ಪಿಟಕ್ಕೆನ್ನಲಿಲ್ಲ. ಟೀ ಕೊಟ್ಟರೆ ಕುಡಿದು ಲೋಟ ಇಟ್ಟ, ಅಷ್ಟೇ. ಉಳಿದಿಬ್ಬರು ನನ್ನ ನಕ್ಷೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ದಿಮ್ಮಿ ಎಷ್ಟು ಬೇಕು, ಯಾವುದನ್ನು ಮೊದಲು ಆನಿಸಬೇಕು, ಕಲ್ಲು ಯಾವ ಕಡೆ ಎಳೆದು ಹಾಕಬೇಕು ಎಂದು ಲೆಕ್ಕ ಹಾಕಿದರು. ನಾನು ಕಟ್ಟಿದ ಗುಹೆಯಲ್ಲಿ ನಾನೇ ನೆಂಟನಾಗಿದ್ದೆ. ಒಡವೆಯ ಪೆಟ್ಟಿಗೆಯ ಬಗ್ಗೆ ಯಾರೂ ಕೇಳಲಿಲ್ಲ.

ಇಪ್ಪತ್ತೆಂಟನೇ ತಾರೀಖಿನ ಭಾನುವಾರಕ್ಕೆ ಕೆಲಸ ಮುಗಿಯುವ ಹಂತಕ್ಕೆ ಬಂತು. ಜನವರಿ ಒಂದಕ್ಕೆ ಉಳಿದದ್ದು ನಾಲ್ಕು ದಿನ. ದಿಮ್ಮಿಗಳು ನಿಂತಿದ್ದವು. ಒಬ್ಬ ಮಾತ್ರ ಸಡಿಲ ಚಾವಣಿಯ ಕೆಳಗೆ ತೆವಳಿಕೊಂಡು ಹೋಗಿ ಬಸವನನ್ನು ಎಳೆದು ತರಬೇಕು. ಆದಿನಾರಾಯಣ ತಾನು ಹೋಗುತ್ತೇನೆಂದ. ಕೋದಂಡಪ್ಪ ಅವನ ಕೈ ಹಿಡಿದು ಕೂರಿಸಿದ. ಏನು ಮಾಡುತ್ತೀಯ ಎಂದು ನಾನು ಕೇಳಿದೆ, ಪುಸ್ತಕದಲ್ಲಿ ಕೇಳು ಎಂದಿರುವ ಒಂದೇ ಪ್ರಶ್ನೆ ಅದು.

"ಓಡ್ದೆ," ಎಂದ.

ಎಲ್ಲಿಗೆ ಓಡುತ್ತೀಯ, ಚಾವಣಿಯ ಕೆಳಕ್ಕೋ, ಹಿಂದಕ್ಕೋ ಎಂದು ಕೇಳಿದೆ. ನನಗೆ ಅರ್ಥವೇ ಆಗಿರಲಿಲ್ಲ.

"ಕೇಜಿನ ತಾವ್ಕೆ ಓಡ್ದೆ ಅಣ್ಣ. ಮುನಿಶಾಮಿ ನನ್ನ ಎಸ್ರು ಇಡ್ಕೊಂಡು ಕೂಗ್ತಾ ಇದ್ದ. ಕಲ್ಲು ಅವ್ನ ಕಾಲಿನ ಮೇಲೆ ಮಾತ್ರ ಬಿದ್ದಿತ್ತು. ನಾನು ತಿರುಗಿ ನೋಡ್ದೆ, ಆಮೇಲೆ ಓಡ್ದೆ. ಎರಡ್ನೇ ಸತಿ ಸಿಡಿದಿದ್ದು ಆಮೇಲೆ."

ಗೋಡೆಗೆ ಒರಗಿದ್ದ ಆಂಜಿನಪ್ಪ ಕಣ್ಣು ಮುಚ್ಚಿಕೊಂಡ. ಇಷ್ಟು ದಿನವೂ ಅವನು ಬಂಡೆಗೆ ಹೆದರಿದ್ದಾನೆ ಎಂದುಕೊಂಡು ನಾನು ಏಳು ಕೋಣೆ ಕಟ್ಟಿದ್ದೆ. ಅವನು ಹೆದರಿದ್ದು ಇದಕ್ಕೆ. ಅವನ ಬೆನ್ನ ಮೇಲೆ ಕೈಯಿಡಬೇಕೆನ್ನಿಸಿತು. ಇಡಲಿಲ್ಲ, ಮಧ್ಯೆ ಕ್ಯಾಲೆಂಡರಿನ ರಟ್ಟಿತ್ತು.

"ಈಗ ವಾಪಸ್ ಓಗ್ತೀನಿ," ಎಂದ. "ದಾಳ ಆಕಣ್ಣ."

ಇಪ್ಪತ್ತು ಮುಖದ ದಾಳ. ಹತ್ತು ದಾಟಿದರೆ ಚಾವಣಿ ನಿಲ್ಲುತ್ತದೆ ಎಂದು ನಾನೇ ಮೊದಲು ಹೇಳಿದ್ದೆ. ಹಾಕಿದೆ. ಮೂರು ಬಿತ್ತು. ಕೋದಂಡಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಚಾವಣಿ ನಿಂತಿದೆ, ಬಸವ ನಿನ್ನ ಕೈಗೆ ಸಿಕ್ಕ ಎಂದು ಹೇಳಿ ದಾಳವನ್ನು ಅಂಗೈಯಲ್ಲಿ ಮುಚ್ಚಿಬಿಟ್ಟೆ.

ಇಬ್ಬರೂ ಸೇರಿ ಬಸವನನ್ನು ಕೇಜಿಗೆ ತಂದರು. ಆದಿನಾರಾಯಣ ಗಂಟೆ ಹೊಡೆದಂತೆ ಲೋಟಕ್ಕೆ ಬೆರಳಿನಿಂದ ಬಡಿದ. ಮೇಲೆ ಬಂದಾಯಿತು ಎಂದೆ. ಆಂಜಿನಪ್ಪ ಕಣ್ಣು ತೆರೆದು ಮೈ ಮುರಿದು, ಎರಡು ವಾರದಿಂದ ಬೆನ್ನು ಇಡ್ಕೊಂಡೈತೆ ಕಣ್ರಲಾ ಎಂದ. ಎಲ್ಲರಿಗೂ ನಗು ಬಂತು. ಕೋದಂಡಪ್ಪ ನಗುತ್ತಾ ನಗುತ್ತಾ ಅಳತೊಡಗಿದ, ಒಳಗಿನಿಂದ ಮಾರಿಯಮ್ಮ ಬಂದು ಪಕ್ಕದಲ್ಲಿ ಕೂತಳು.

ಜನವರಿ ಒಂದು, ಗುರುವಾರ. ಬೆಳಗಿನ ಪಾಳಿ ಏಳಕ್ಕೆ. ಕೋದಂಡಪ್ಪ ಕಿಟಕಿಗೆ ಬಂದು ಹೆಸರು ಹೇಳಿದ, ನಾನು ಬರೆದುಕೊಂಡೆ, ಅವನು ಉಳಿದವರ ಜೊತೆ ಕೇಜು ಹತ್ತಿದ. ಎರಡು ತಿಂಗಳಿಂದ ಬಯಸಿದ್ದು ಇದನ್ನೇ. ಕೇಜು ಇಳಿದ ಗಳಿಗೆಯಿಂದ ನನಗೆ ಒಂದು ಅಕ್ಷರ ನೆಟ್ಟಗೆ ಬರೆಯಲಾಗಲಿಲ್ಲ. ದಾಳದಲ್ಲಿ ಬಿದ್ದದ್ದು ಮೂರು ತಾನೆ ಎಂಬುದೊಂದೇ ತಲೆಯಲ್ಲಿ. ಆಟದ ದಾಳಕ್ಕೂ ನಿಜವಾದ ಬಂಡೆಗೂ ಏನು ಸಂಬಂಧ ಎಂದು ನನಗೆ ನಾನೇ ಬೈದುಕೊಂಡೆ.

ಹನ್ನೊಂದಕ್ಕೆ ಮಾರಿಯಮ್ಮ ಬಂದಳು. ಮನೆಯಲ್ಲಿ ಕೂರಲಾಗದೆ ಬಂದಿದ್ದಳು. ಕಿಟಕಿಯ ಕಂಬಿ ಹಿಡಿದುಕೊಂಡು, ಈಗ ಅವನು ಎಲ್ಲಿದ್ದಾನೆ, ಏನು ಮಾಡುತ್ತಿದ್ದಾನೆ, ಅಲ್ಲಿ ಚಾವಣಿ ಹೇಗಿದೆ ಎಂದು ಕೇಳಿದಳು. ಪ್ರತಿ ಭಾನುವಾರ ನೀವೇ ಎಲ್ಲಾ ಯೋಳ್ತಿದ್ರಲ್ಲ, ಯೋಳಿ ಎಂದಳು. ಬಾಯಿ ತೆರೆದೆ. ಕೆಳಗಿನ ಒಂದು ಅಡಿ ನೆಲವನ್ನೂ ನಾನು ಕಣ್ಣಾರೆ ಕಂಡಿರಲಿಲ್ಲ. ನನಗೆ ಗೊತ್ತಿಲ್ಲ ಕಣಮ್ಮ ಎಂದೆ.

"ಗೊತ್ತಿಲ್ದೆ ಕಳ್ಸಿದ್ಯಾ?" ಎಂದಳು.

ಅಲ್ಲಿಯವರೆಗೆ ಅವಳು ನನ್ನನ್ನು ಏಕವಚನದಲ್ಲಿ ಮಾತಾಡಿಸಿರಲಿಲ್ಲ. ನೀನೇ ಕೇಳಿಕೊಂಡದ್ದಲ್ಲವೇ ಎನ್ನಲು ಹೊರಟವನು ನುಂಗಿಕೊಂಡೆ. ಅವಳು ಹೋಗಿ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತಳು. ಊಟದ ಹೊತ್ತಿಗೆ ನಾನೂ ಹೋಗಿ ಆ ತುದಿಯಲ್ಲಿ ಕೂತೆ. ಡಬ್ಬಿ ಬಿಚ್ಚಲಿಲ್ಲ. ಮೂರು ಗಂಟೆಯವರೆಗೂ ಇಬ್ಬರೂ ಶಾಫ್ಟಿನ ಮೇಲಿನ ಚಕ್ರ ನೋಡುತ್ತಿದ್ದೆವು.

ಮೂರಾದ ಮೇಲೆ ಬಂದ ಎರಡನೇ ಕೇಜಿನಲ್ಲಿ ಕೋದಂಡಪ್ಪ ಇದ್ದ. ಮೈಯೆಲ್ಲ ಬೂದಿ ಬಣ್ಣದ ಕೆಸರು. ಮಾರಿಯಮ್ಮ ಅವನ ಎರಡೂ ತೋಳು ಮುಟ್ಟಿ ನೋಡಿದಳು. ನನಗೆ ತಡೆಯಲಾಗಲಿಲ್ಲ. ಅವನನ್ನು ಪಕ್ಕಕ್ಕೆ ಕರೆದು, ಅವತ್ತು ಚಾವಣಿ ನಿಂತಿರಲಿಲ್ಲ, ದಾಳ ಬಿದ್ದದ್ದು ಮೂರು, ನಾನು ಸುಳ್ಳು ಹೇಳಿದೆ ಎಂದೆ.

"ಗೊತ್ತಣ್ಣ," ಎಂದ. "ನಿನ್ನ ಮಕ ನೋಡ್ದಾಗ್ಲೇ ಗೊತ್ತಾಯ್ತು."

ಗೊತ್ತಿದ್ದೂ ಯಾಕೆ ಇಳಿದೆ ಎಂದು ಕೇಳಿದೆ. ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

"ಕೆಳಗೂ ಮೇಸ್ತ್ರಿ ದಿನಾ ಅದನ್ನೇ ಯೋಳೋದು, ಚಾವಣಿ ನಿಂತೈತೆ ನಡೀರಿ ಅಂತ. ಅವ್ನಿಗೂ ಗೊತ್ತಿರಲ್ಲ ಅಣ್ಣ. ಅವ್ನೂ ಯೋಳ್ದೇ ಇದ್ರೆ ನಾವ್ಯಾರೂ ಒಳಕ್ಕೆ ಕಾಲಿಡಲ್ಲ."

ಇಷ್ಟು ಹೇಳಿ ಅವನು ಹೆಂಡತಿಯ ಜೊತೆ ಲೈನಿನ ಕಡೆಗೆ ಹೊರಟ. ನಾನು ಆಫೀಸಿಗೆ ಹೋಗಿ ರಿಜಿಸ್ಟರು ತೆರೆದೆ. ಕೋದಂಡಪ್ಪನ ಹೆಸರಿನ ಮುಂದೆ ಮೇಲೆ ಬಂದ ವೇಳೆ ಬರೆದು, ಶುಕ್ರವಾರದ ಪಾಳಿಗೆ ಅವನ ಹೆಸರನ್ನು ನನ್ನ ಕೈಯಾರೆ ಮತ್ತೆ ಬರೆಯಬೇಕಾಗಿತ್ತು. ಬರೆದೆ.